ಹೊಳೆದ ಗಂಟಲು

ಗಡಿಯಾರ ರಿಪೇರಿಯವನು ತುಟಿ ಬಿಗಿದು, ಎಳ್ಳಿನಷ್ಟು ಚಿಕ್ಕ ಸ್ಕ್ರೂ ಒಂದನ್ನು ಕೈಗಡಿಯಾರದೊಳಗೆ ಕೂರಿಸುತ್ತಿದ್ದ. ಪಕ್ಕದ ಫೋಟೋ ಫ್ರೇಮಿನಂಗಡಿಯವನು ಬಾಗಿಲಲ್ಲಿ ನಿಂತು, ಅವನ ಮುಖಕ್ಕೆ ಅಳತೆ ತೆಗೆಯುವವನಂತೆ ನೋಡುತ್ತಿದ್ದ.

ಹೋದ ವಾರದ ಸ್ಕ್ಯಾನಿನಲ್ಲಿ ಗಡಿಯಾರದವನ ಗಂಟಲು ಹೊಳೆದಿತ್ತು. ಕ್ಯಾನ್ಸರ್ ಇರಬಹುದು, ಇನ್ನೊಮ್ಮೆ ನೋಡೋಣ ಎಂದಿದ್ದರು ಡಾಕ್ಟರು. ಆ ‘ಇರಬಹುದು’ ಮನೆ ತಲುಪುವಷ್ಟರಲ್ಲಿ ‘ಇದೆ’ ಆಗಿತ್ತು. ಬೀದಿಗೆ ಬರುವಷ್ಟರಲ್ಲಿ ‘ಪಾಪ, ಒಳ್ಳೆಯವನಿದ್ದ’ ಆಗಿತ್ತು.

“ಇವತ್ತೂ ಕೆಲಸಾನೇನೋ?” ಅಕ್ಕನ ಗಂಡ ಒಳನುಗ್ಗಿದರು. “ಆಸ್ಪತ್ರೆಗೆ ನಡಿ. ಅಂಗಡಿ ನಾನು ನೋಡ್ಕೋತೀನಿ.”

“ಭಾವ, ನಾನಿನ್ನೂ...”

“ಸುಮ್ನಿರೋ. ಗಂಟಲಿಗೆ ಆಯಾಸ ಮಾಡ್ಕೋಬೇಡ.”

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಾ ನರ್ಸ್ ಕೇಳಿದಳು, “ಹೋದ ಸಲ ಇಂಜೆಕ್ಷನ್ ಆದ್ಮೇಲೆ ಮಾತಾಡಿದ್ರಾ?”

“ಭಾವ ಪಕ್ಕದಲ್ಲೇ ಕೂತು ಅಂಗಡಿ ಬಾಡಿಗೆ ಯಾರ ಹೆಸರಲ್ಲಿದೆ, ನಿನ್ನ ನಂತರ ಯಾರಿಗೆ ಅಂತ ಕೇಳ್ತಾನೇ ಇದ್ರು. ನಾನೂ ಹೇಳ್ತಾನೇ ಇದ್ದೆ.”

“ಅಯ್ಯೋ ಅಣ್ಣ! ಇದು ಸಕ್ಕರೆ ಬೆರೆಸಿದ ಔಷಧಿ. ಯಾವ ಸ್ನಾಯು ದುಡಿಯುತ್ತೋ ಅಲ್ಲಿ ಹೋಗಿ ಹೊಳೆಯುತ್ತೆ. ಕ್ಯಾನ್ಸರೂ ಹಾಗೇ ಹೊಳೆಯೋದು. ನಿಮ್ಮದು ಬರೀ ಮಾತಿನ ಹೊಳಪಿರಬೇಕು. ಇವತ್ತು ಸ್ಕ್ಯಾನ್ ಮಾಡೋವರೆಗೆ ಒಂದು ಗಂಟೆ ಪಿಟ್ಟೆನ್ನಬೇಡಿ, ಗೊತ್ತಾಗಿಬಿಡುತ್ತೆ.”

ಅವನ ಮೈಯೆಲ್ಲ ಉರಿಯಿತು. ಒಂದು ವಾರ ತಾನು ನಿದ್ದೆಗೆಟ್ಟಿದ್ದು, ಹೆಂಡತಿ ಅತ್ತು ಅತ್ತು ಕಣ್ಣು ಊದಿಸಿಕೊಂಡದ್ದು, ಎಲ್ಲಾ ಭಾವನ ಹರಟೆಯಿಂದ! ಆದರೂ ಬಾಯಿ ಹೊಲಿದುಕೊಂಡವನಂತೆ ಕೂತ.

ಅರ್ಧ ಗಂಟೆಗೆ ಭಾವ ಬಂದರು, ಹಿಂದೆಯೇ ಅವನ ಹೆಂಡತಿ.

“ಇನ್ನು ಚಿಂತೆ ಬಿಡು ಮಾರಾಯ. ಅಂಗಡೀನ ಫ್ರೇಮಿನವನಿಗೆ ಕೊಡಿಸಿಬಿಟ್ಟೆ. ಓನರೂ ಒಪ್ಪಿದ್ರು. ನಿನ್ನ ಗಡಿಯಾರಗಳೆಲ್ಲ ಗೋಣಿಚೀಲದಲ್ಲಿ ಭದ್ರವಾಗಿವೆ.”

ಗಿರಾಕಿಗೂ ಏರುದನಿಯಲ್ಲಿ ಮಾತಾಡದವನು ಎದ್ದು ನಿಂತ. “ಯಾರನ್ನ ಕೇಳಿ ಕೊಡಿಸಿದ್ರಿ? ನಾನು ಸತ್ತಿದೀನಾ? ಗೋಣಿಚೀಲಾನಾ? ಆಲೂಗಡ್ಡೇನೇನ್ರೀ ಅವು?” ಎಷ್ಟೋ ವರ್ಷ ನುಂಗಿಕೊಂಡದ್ದೆಲ್ಲ ಒಡೆದ ನಲ್ಲಿಯಂತೆ ಚಿಮ್ಮಿತು. ಉಳಿದ ಅರ್ಧ ಗಂಟೆಯೂ ಅದರಲ್ಲೇ ಕಳೆಯಿತು.

ನರ್ಸ್ ಓಡಿಬಂದಳು. “ಏನಣ್ಣ ಇದು! ಈಗ ಸ್ಕ್ಯಾನ್ ಮಾಡಿದ್ರೆ ಗಂಟಲು ಟ್ಯೂಬ್‌ಲೈಟ್ ಥರ ಹೊಳೆಯುತ್ತೆ. ಇನ್ನೊಂದಿನ ಬನ್ನಿ.”

“ನೋಡಿದ್ಯೇನಮ್ಮ?” ಭಾವ ಅವನ ಹೆಂಡತಿಯ ಕಡೆ ತಿರುಗಿದರು. “ಟ್ಯೂಬ್‌ಲೈಟಂತೆ! ಕಾಯಿಲೆ ಜಾಸ್ತಿ ಆಗಿದೆ. ಅಂಗಡಿ ಕೊಡಿಸಿದ್ದೇ ಒಳ್ಳೇದಾಯ್ತು.”

ಹೆಂಡತಿ ಬಿಕ್ಕಿದಳು. ಅವಳನ್ನು ಸಮಾಧಾನ ಮಾಡುತ್ತಾ ಭಾವ ಬಾಗಿಲು ದಾಟಿದರು.

“ಭಾವ,” ಕೂಗಾಡಿ ಕೂಗಾಡಿ ಅವನ ದನಿಯೇ ಹೊರಡುತ್ತಿರಲಿಲ್ಲ, “ನನ್ನ ಅಂಗಡಿ ನನಗೆ ವಾಪಸ್ ಕೊಡಿಸಿ.”