ಮೇಲ್ವಿಚಾರಕನಾಗಲು ಓದಬೇಕಾದ ಪುಸ್ತಕ

ಹಾಸಿಗೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕರ ಕುರ್ಚಿ ಖಾಲಿಯಾಗಿತ್ತು. ಹೊಸ ಮ್ಯಾನೇಜರಿಗೆ ಓದುವ ಹುಚ್ಚು. ಎಲ್ಲರ ಕೈಗೂ ನಾಯಕತ್ವದ ಬಗ್ಗೆ ಒಂದೊಂದು ದಪ್ಪ ಪುಸ್ತಕ ತುರುಕಿ, "ಶುಕ್ರವಾರ ಗುಂಪು ಚರ್ಚೆ. ಚೆನ್ನಾಗಿ ಮಾತಾಡಿದವರಿಗೇ ಕುರ್ಚಿ" ಅಂದುಬಿಟ್ಟರು.

ಆ ಕುರ್ಚಿಯ ಮೇಲೆ ವರ್ಷಗಳಿಂದ ಕಣ್ಣಿಟ್ಟಿದ್ದವನು ಅಲ್ಲಿಯ ಹಳೆಯ ಕೆಲಸಗಾರ, ಎಲ್ಲರ ಬಾಯಲ್ಲಿ ದೊಡ್ಡಣ್ಣ. ಅಕ್ಷರ ಕಂಡರೆ ಸಾಕು, ಅವನಿಗೆ ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು. ಮುನ್ನುಡಿ ದಾಟುವಷ್ಟರಲ್ಲೇ ಶುಕ್ರವಾರ ಬಂತು. ಪುಸ್ತಕ ಪೂರ್ತಿ ಓದಿದ್ದು ಅವನ ಹೆಂಡತಿ.

"ಈಗೇನೇ ಗತಿ?" ಎಂದು ಬೆಳಿಗ್ಗೆ ಗೋಳಿಟ್ಟ.

"ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಮೇಲೆ ಮಫ್ಲರ್ ಸುತ್ಕೊಳ್ಳಿ. ನಾನು ಫೋನಲ್ಲಿ ಹೇಳ್ತೀನಿ, ನೀವು ಒಪ್ಪಿಸಿ."

ಸುಡುಬಿಸಿಲಲ್ಲಿ ಮಫ್ಲರ್ ಕಂಡ ಕಾವಲುಗಾರ ಗೇಟಿನಲ್ಲೇ ತಡೆದ. "ಕಿವಿನೋವಪ್ಪಾ" ಅಂದದ್ದೇ ತಪ್ಪಾಯಿತು. ಮಧ್ಯಾಹ್ನದೊಳಗೆ ಕಾರ್ಖಾನೆಯವರೆಲ್ಲ ವೈದ್ಯರಾದರು. ಲಾರಿ ಡ್ರೈವರ್ ಆಸ್ಪತ್ರೆಗೆ ಬಿಡ್ತೀನಿ ಎಂದು ಲಾರಿ ತಿರುಗಿಸಿಯೇ ನಿಲ್ಲಿಸಿದ. ಹೊಲಿಗೆ ವಿಭಾಗದ ಅಕ್ಕನಂತೂ ಎಣ್ಣೆ ಬಿಸಿಮಾಡಿಕೊಂಡು ಬೆನ್ನು ಹತ್ತಿದಳು. ಅವಳಿಂದ ತಪ್ಪಿಸಿಕೊಳ್ಳಲು ದೊಡ್ಡಣ್ಣ ಹಾಸಿಗೆಗಳ ಸಂದಿಯಲ್ಲಿ ನುಸುಳಿ ಊಟವನ್ನೂ ಬಿಟ್ಟ.

ಗೋದಾಮಿನಲ್ಲಿ ಚರ್ಚೆ. ಎಲ್ಲರೂ ಮಾರಾಟವಾಗದ ಹಾಸಿಗೆಗಳ ಮೇಲೆ ಕೂತರು. ದೊಡ್ಡಣ್ಣ ಎದ್ದು ನಿಂತ. ಕಿವಿಯೊಳಗೆ ಹೆಂಡತಿ ಶುರುಮಾಡಿದಳು, ಇವನ ಬಾಯಿಂದ ಮಾತು ಹೊಳೆಯ ಹಾಗೆ ಹರಿಯಿತು. "ನಾಯಕನಾದವನು ಮೊದಲು ಕೇಳಿಸಿಕೊಳ್ಳಬೇಕು. ನಮ್ಮಲ್ಲಿ ಹೊಲಿಗೆ ಮುಗಿಯೋ ಮುಂಚೆನೇ ಲಾರಿ ಬಂದು ಕಾಯುತ್ತೆ..." ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಕುರ್ಚಿ ಸಿಕ್ಕಿತೆಂದೇ ದೊಡ್ಡಣ್ಣ ಒಳಗೊಳಗೇ ಕುಣಿದ.

"ಅಷ್ಟು ನೋವಿದ್ರೂ ಎಷ್ಟು ಚೆನ್ನಾಗಿ ಮಾತಾಡ್ತಾನೆ, ಪಾಪ!" ಎಂದು ಅಕ್ಕ ಹಿಂದಿನಿಂದ ಬಂದು ಮಫ್ಲರ್ ಎಳೆದೇಬಿಟ್ಟಳು. ತಂತಿ ಕಿತ್ತು ಅವಳ ಕೈಗೆ ಬಂತು. ಫೋನ್ ಆರಿಸುವ ಗಡಿಬಿಡಿಯಲ್ಲಿ ದೊಡ್ಡಣ್ಣನ ಹೆಬ್ಬೆರಳು ಸ್ಪೀಕರ್ ಒತ್ತಿತು.

"ಯಾಕ್ರೀ ನಿಲ್ಲಿಸಿದ್ರಿ? ಲಾರಿನ ಮಧ್ಯಾಹ್ನದ ಮೇಲೆ ಕರೆಸ್ಬೇಕು ಅನ್ನಿ! ಬಾಯಿ ಬಿಡ್ರೀ!" ಎಂದು ಜೇಬು ಗದರಿತು.

ಗೋದಾಮು ಗೊಳ್ಳೆಂದಿತು. ಮ್ಯಾನೇಜರು ಮಾತ್ರ ನಗದೆ ಫೋನಿಗೆ ಕೈ ಚಾಚಿದರು.

"ಅಮ್ಮಾ, ಈ ಲಾರಿ ವಿಷಯ ಯಾವ ಅಧ್ಯಾಯದಲ್ಲಿದೆ?"

"ಪುಸ್ತಕದಲ್ಲೆಲ್ಲಿದೆ ಸಾರ್? ಇವ್ರು ದಿನಾ ಊಟಕ್ಕೆ ಕೂತಾಗ ಗೊಣಗ್ತಾರಲ್ಲ, ಅದನ್ನ ಕೇಳಿ ಕೇಳಿ ನನಗೇ ಹೊಳೀತು."

ಮ್ಯಾನೇಜರು ಅರ್ಧ ಗಂಟೆ ಅವಳೊಡನೆಯೇ ಚರ್ಚೆ ನಡೆಸಿದರು. ದೊಡ್ಡಣ್ಣ ತಲೆತಗ್ಗಿಸಿ ನಿಂತಿದ್ದ, ಅಕ್ಕ ಅವನ ನೋವಿಲ್ಲದ ಕಿವಿಗೆ ಸಾವಕಾಶವಾಗಿ ಎಣ್ಣೆ ಬಿಟ್ಟಳು. ಕೊನೆಗೆ "ಸಂಬಳ ಎಷ್ಟು ಸಾರ್?" ಎಂದು ಫೋನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಸೋಮವಾರ ದೊಡ್ಡಣ್ಣ ಏದುಸಿರು ಬಿಡುತ್ತಾ ಒಳಗೆ ಬಂದಾಗ, ಅವನ ಕನಸಿನ ಕುರ್ಚಿಯಲ್ಲಿ ಹೆಂಡತಿ ಕೂತು ಗಡಿಯಾರ ನೋಡುತ್ತಿದ್ದಳು.

"ಯಾಕೆ ತಡ?"

ದೊಡ್ಡಣ್ಣ ಏನೋ ಹೇಳಲು ಬಾಯಿ ತೆರೆದ. ವಿಭಾಗವೆಲ್ಲ ಕೆಲಸ ನಿಲ್ಲಿಸಿ ಇತ್ತಲೇ ನೋಡುತ್ತಿತ್ತು.

"ಪಾತ್ರೆ ತೊಳೆದು ಬರೋದು ತಡವಾಯ್ತು, ಮೇಡಂ."