ಬೆಲ್ಟಿನ ಹಗ್ಗ, ಸಾಹೇಬರ ಫ್ಯಾನು

ಇಮಾಮ್‌ಬೀ: ಅದೆಲ್ಲಾ ಇರಲಿ ಸಾಬ್ರ, ನನಗ ಒಂದೇ ಮಾತು ಹೇಳ್ರಿ. ಹಗ್ಗ ಎಳದ್ರ ಬೆಲ್ಟ್ ನಿಂದ್ರಬೇಕೋ ಬ್ಯಾಡೋ?

ಮಡಿವಾಳಯ್ಯ: ನಿಂದ್ರಬೇಕು. ನಿಂದ್ರತದ.

ಇಮಾಮ್‌ಬೀ: ನಿನ್ನೆ ನಿಂದರಲಿಲ್ಲ.

ಮಡಿವಾಳಯ್ಯ: ನಿಂತಿರ್ತದ. ನೀ ನೋಡಿರೂದಿಲ್ಲ.

ಇಮಾಮ್‌ಬೀ: ಸೆರಗು ಸಿಕ್ಕಿದ್ದು ನಂದು, ನಾ ನೋಡದ ಇನ್ನ್ಯಾರು ನೋಡ್ಯಾರು? ಎರಡೂ ಕೈಲೆ ಹಗ್ಗಕ್ಕ ಜೋತುಬಿದ್ದೀನಿ, ಬೆಲ್ಟ್ ತನ್ನ ಪಾಡಿಗೆ ತಾ ಹೊಂಟದ. ಸೀರಿ ಹಳೀದಿತ್ತು, ಹರೀತು, ನಾ ಉಳದೆ. ಹೊಸಾ ಸೀರಿ ಉಟ್ಟಿದ್ರ ಇಷ್ಟೊತ್ತಿಗೆ ಸಿಮೆಂಟ್ ಚೀಲದಾಗ ಕುಂತು ಹೈದರಾಬಾದಿಗೆ ಹೊಂಟಿರ್ತಿದ್ದೆ.

ಸೇಡಂ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆ. ಕಲ್ಲು ಹೊತ್ತು ಹೋಗುವ ಉದ್ದನೆಯ ಬೆಲ್ಟಿನ ಬುಡದಲ್ಲಿ ಉದುರಿದ ಪುಡಿ ಬಾಚುವುದು ಇಮಾಮ್‌ಬೀಯ ಕೆಲಸ. ಬೆಲ್ಟಿನ ಪಕ್ಕಕ್ಕೆ ಉದ್ದಕ್ಕೂ ಒಂದು ಹಗ್ಗ ಕಟ್ಟಿದೆ. ಯಾರಾದರೂ ಸಿಕ್ಕಿಬಿದ್ದರೆ ಅದನ್ನು ಎಳೆಯಬೇಕು, ಬೆಲ್ಟು ನಿಲ್ಲಬೇಕು. ಹಾಗೆಂದು ಗೋಡೆಯ ಮೇಲೆ ಬರೆದೂ ಇದೆ, ಇಂಗ್ಲಿಷಿನಲ್ಲಿ. ಬಾಚುವವರಿಗೆ ಯಾರಿಗೂ ಓದಲು ಬಾರದಂತೆ ಎಚ್ಚರ ವಹಿಸಿ ಬರೆದದ್ದು. ಈಗ ಅವಳು ಸಲಿಕೆಯನ್ನು ಬಾಗಿಲ ಹೊರಗೆ ಒರಗಿಸಿ, ಮಹಡಿಯ ಪ್ಯಾನಲ್ ರೂಮಿನಲ್ಲಿ ಎಂಜಿನಿಯರ್ ಮಡಿವಾಳಯ್ಯನವರ ಮೇಜಿನ ಮುಂದೆ ನಿಂತಿದ್ದಳು. ಮೂಲೆಯ ಸ್ಟೂಲಿನ ಮೇಲೆ ಎಲೆಕ್ಟ್ರಿಕ್ ಮಿಸ್ತ್ರಿ ಗುಲಾಮ ದಸ್ತಗೀರ ಕೆಟ್ಟಿಲ್ಲದ ಒಂದು ಸ್ವಿಚ್ಚನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ. ತಲೆ ಎತ್ತದೆ ಇರಲು ಅವನಿಗೆ ಬೇರೆ ದಾರಿ ಕಂಡಿರಲಿಲ್ಲ.

ಮಡಿವಾಳಯ್ಯ: ಬೋರ್ಡ್ ನೋಡು. ಹಗ್ಗದ ದೀಪ ಯಾವ ಬಣ್ಣ ಅದ?

ಇಮಾಮ್‌ಬೀ: ಹಸರ.

ಮಡಿವಾಳಯ್ಯ: ಹಸರ ಅಂದ್ರ ಎಲ್ಲಾ ಬರೋಬರಿ ಅದ ಅಂತ ಅರ್ಥ.

ಇಮಾಮ್‌ಬೀ: ನಿನ್ನೆ ನನ್ನ ಸೀರಿ ಹರೀವಾಗ ಯಾವ ಬಣ್ಣ ಇತ್ತು?

ಮಡಿವಾಳಯ್ಯ: ಹಸರೇ ಇತ್ತು. ನಾನೇ ಇಲ್ಲಿ ಕುಂತಿದ್ದೆ.

ಇಮಾಮ್‌ಬೀ: ಮತ್ತ?

ಮಡಿವಾಳಯ್ಯ: ಮತ್ತೇನು? ದೀಪ ಹಸರ ಇತ್ತಂದ್ರ ನಿನ್ನ ಸೀರಿ ಹರದಿಲ್ಲ.

ಇಮಾಮ್‌ಬೀ ಕಂಕುಳಲ್ಲಿದ್ದ ಗಂಟು ಬಿಚ್ಚಿ ಅರ್ಧ ಸೀರೆಯನ್ನು ಮೇಜಿನ ಮೇಲೆ ಹರಡಿದಳು. ಗ್ರೀಸಿನ ಕಲೆ, ರೋಲರಿನ ಹಲ್ಲು ಎಲ್ಲವೂ ಅದರಲ್ಲಿತ್ತು. ಮಡಿವಾಳಯ್ಯನವರು ತಮ್ಮ ಚಹದ ಕಪ್ಪನ್ನು ಜರಾ ಈಚೆ ಸರಿಸಿಕೊಂಡರು. ಅಷ್ಟೇ ಅವರಿಗಾದ ಕಸಿವಿಸಿ.

ಮಡಿವಾಳಯ್ಯ: ಆಯ್ತವಾ, ವೆಲ್‌ಫೇರಿನವ್ರಿಗಿ ಹೇಳಿ ಒಂದು ಛಲೋ ಸೀರಿ ಕೊಡಸ್ತೀನಿ. ಗಟ್ಟಿ ಸೀರಿ.

ಇಮಾಮ್‌ಬೀ: ತೌಬಾ! ಗಟ್ಟೀದು ಬ್ಯಾಡ್ರಿ. ಗಟ್ಟೀದು ಹರಿಯೂದಿಲ್ಲ, ನನ್ನೂ ಸಂಗಾಟ ಒಯ್ತದ. ಕೊಡೂದಿದ್ರ ನಿಮ್ಮ ಮನ್ಯಾಗಿನ ಹಳೀ ಪಿಸಕಲು ಸೀರಿ ಕೊಡ್ರಿ. ಏ ದಸ್ತಗೀರ, ಆ ಸ್ವಿಚ್ ಸತ್ತು ಮಣ್ಣಾಗ್ಯದ, ಬಿಡು. ನೀ ಹೇಳು, ಹಗ್ಗಕ್ಕ ಏನಾಗ್ಯದ?

ದಸ್ತಗೀರ: ಖಾಲಾ, ಹಗ್ಗಕ್ಕೇನೂ ಆಗಿಲ್ಲ. ಅದರ ಸ್ವಿಚ್ಚಿಗೆ ಕರೆಂಟ್ ಸಾಲವಲ್ದು.

ಇಮಾಮ್‌ಬೀ: ಕರೆಂಟ್ ಯಾಕ ಸಾಲವಲ್ದು? ಊರಾಗ ಹೋದ್ರೂ ಇಲ್ಲಿ ಹೋಗೂದಿಲ್ಲ ಅಂತ ನೀವೇ ಹೇಳ್ತೀರಿ.

ಅದು ನಿಜ. ಅದೇ ರೋಗದ ಮೂಲ. ಈ ಕಾರ್ಖಾನೆಯಲ್ಲಿ ಕಲ್ಲಿನ ಗೂಡು ತುಂಬಿತೇ, ಬೇರಿಂಗು ಕಾದಿತೇ, ಹಗ್ಗ ಎಳೆದರೇ ಎಂದು ನೋಡುತ್ತಿರುವ ಸೆನ್ಸರುಗಳಿವೆ. ಕೂಲಿಗಳು ಅವಕ್ಕೆ ಕಣ್ಣು ಎನ್ನುತ್ತಾರೆ. ಆ ಕಣ್ಣುಗಳಿಗೆಂದೇ ಬೇರೆ ಒಂದು ಬ್ಯಾಟರಿ ಕರೆಂಟು, ಇಪ್ಪತ್ತನಾಲ್ಕು ವೋಲ್ಟಿನದು. ಇಡೀ ತಾಲ್ಲೂಕು ಕತ್ತಲಾದರೂ ಅದು ಆರುವುದಿಲ್ಲ. ಆರದ ಕರೆಂಟನ್ನು ಕಂಡ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಬಸ್ಸಿನ ಸಾಮಾನು ಅದೇ ವೋಲ್ಟಿಗೆ ನಡೆಯುತ್ತದೆ ಎಂದು ಯಾರೋ ಪತ್ತೆ ಹಚ್ಚಿದರು. ಅಂದಿನಿಂದ ವಾಡಿಯ ಗುಜರಿ ಅಂಗಡಿಯಲ್ಲಿ ಸತ್ತ ಬಸ್ಸುಗಳ ಬಲ್ಬು, ಫ್ಯಾನು, ಹಾರ್ನುಗಳಿಗೆಲ್ಲ ಇಲ್ಲಿ ಪುನರ್ಜನ್ಮ. ದೊಡ್ಡ ಸಾಹೇಬರ ಬಂಗಲೆಯ ಕರೆಗಂಟೆಗೆ ಒಂದು ತಂತಿ ಹೋಯಿತು. ಯೂನಿಯನ್ ಆಫೀಸಿನ ಹಾರ್ನಿಗೆ ಇನ್ನೊಂದು. ಎಲ್ಲರೂ ತಗೊಂಡದ್ದು ಸ್ವಲ್ಪವೇ; ಕಣ್ಣುಗಳಿಗೆ ಉಳಿದದ್ದೂ ಸ್ವಲ್ಪವೇ.

ದಸ್ತಗೀರ: ಕರೆಂಟ್ ಕಮ್ಮಿ ಆದ್ರ ಸ್ವಿಚ್ಚಿಗೆ ಯಾರೋ ಹಗ್ಗ ಎಳದ್ರು ಅನ್ನಸ್ತದ ಖಾಲಾ. ಸುಮ್ಮಸುಮ್ಮನ ಬೆಲ್ಟ್ ನಿಂದ್ರತಿತ್ತು. ಅದಕ್ಕ ಸಾಬ್ರು ಹೇಳಿದ್ರು, ಒಂದು ತುಂಡು ತಂತಿ ಅಡ್ಡ ಹಾಕಿ...

ಮಡಿವಾಳಯ್ಯ: ನಾ ಬರೇ ಬೆಲ್ಟ್ ನಿಂದ್ರಬಾರದು ಅಂದೆ. ತಂತಿ ವಿಚಾರ ನಿಂದು.

ದಸ್ತಗೀರ: ತಂತಿ ಹಾಕಿ ಹಗ್ಗವನ್ನ ಬಿಟ್ಟು ಬೆಲ್ಟ್ ನಡಸಲಿಕತ್ತೀವಿ. ದೀಪಕ್ಕೂ ಸೀದಾ ಕೊಟ್ಟೀವಿ. ಅದು ಯಾವಾಗ್ಲೂ ಹಸರೇ.

ಇಮಾಮ್‌ಬೀ: ಅಂದ್ರ ಹಗ್ಗ ಇರೂದು ಅರವಿ ಒಣ ಹಾಕ್ಲಿಕ್ಕಾ?

ಮಡಿವಾಳಯ್ಯ: ಅರವಿ ಹಾಕಬ್ಯಾಡ್ರಿ. ಅದು ಸುರಕ್ಷತಾ ಹಗ್ಗ. ನೋಡವಾ, ಈ ವರ್ಷ ನಮ್ಮ ಬೆಲ್ಟ್ ಒಂದು ದಿನಾನೂ ನಿಂತಿಲ್ಲ. ದೊಡ್ಡ ಸಾಹೇಬ್ರು ಎಲ್ಲರ ಮುಂದ ನನಗ ಶಾಲು ಹೊಚ್ಚ್ಯಾರ. ಈಗ ಬೆಲ್ಟ್ ನಿಲ್ಲಿಸಿದವ ಅವರ ಮುಂದ ನಿಂತು ಕಾರಣ ಹೇಳಬೇಕಾಗ್ತದ.

ಇಮಾಮ್‌ಬೀ: ನಿಮಗ ಶಾಲು ಬಂತು, ನನ್ನ ಸೀರಿ ಹೋಯ್ತು. ಬರೋಬರಿ ಆಯ್ತು. ಈ ತಲಿ ಮ್ಯಾಲ ಗಿರಿಗಿರಿ ತಿರಗಲಿಕತ್ತದಲ್ಲ, ಇದು ಯಾರ ಕರೆಂಟು?

ಮೇಜಿನ ಮೇಲಿನ ಕಂಬಿಗೆ ಬಿಗಿದಿದ್ದ ಬಸ್ ಡ್ರೈವರನ ಪುಟ್ಟ ಫ್ಯಾನು ಆ ಗಳಿಗೆಯಲ್ಲೂ ಮಡಿವಾಳಯ್ಯನವರ ನೆತ್ತಿಯ ಕೂದಲನ್ನು ಮುದ್ದಿನಿಂದ ಸವರುತ್ತಿತ್ತು.

ಮಡಿವಾಳಯ್ಯ: ಇದು ಕೆಲಸದ ಫ್ಯಾನು. ಬಾಜೂಕ ಭಟ್ಟಿ ಉರೀಲಿಕತ್ತದ. ತಲಿ ಬಿಸಿ ಆದ್ರ ನಿರ್ಣಯ ತಪ್ಪತಾವ.

ಇಮಾಮ್‌ಬೀ: ತಲಿ ತಣ್ಣಗಿದ್ದಾಗ ತಗೊಂಡ ನಿರ್ಣಯ ಇಲ್ಲೇ ಮೇಜಿನ ಮ್ಯಾಲ ಬಿದ್ದದ, ನೋಡ್ರಿ.

ಮಡಿವಾಳಯ್ಯ: ಫ್ಯಾನ್ ಒಂದೇ ಕಂಡ್ತಾ ನಿನಗ? ಆ ಫೋಟೋದ ದೀಪ ಕಾಣಂಗಿಲ್ಲಾ?

ಗೋಡೆಯ ಮೇಲೆ ಒಂದು ಬಸವಣ್ಣನ ಫೋಟೋ, ಪಕ್ಕದಲ್ಲಿ ಒಂದು ದರ್ಗಾದ ಫೋಟೋ. ಎರಡರ ನೆತ್ತಿಯ ಮೇಲೂ ಒಂದೊಂದು ಜೀಪಿನ ಬಲ್ಬು.

ಇಮಾಮ್‌ಬೀ: ತಗೀರಿ ಹಂಗಾರ.

ಮಡಿವಾಳಯ್ಯ: ಬಸವಣ್ಣನ ದೀಪ ತಗಿ ಅಂತೀಯಾ? ನಾ ದರ್ಗಾದ ದೀಪ ತಗಿ ಅಂದೀನಾ?

ದಸ್ತಗೀರ: ಎರಡೂ ಒಂದೇ ತಂತೀಗಿ ಅವ ಸಾಬ್ರ. ಜೀಪಿನ ಬಲ್ಬ್ ಹನ್ನೆರಡು ವೋಲ್ಟಿಂದು, ಒಂದರ ಬೆನ್ನಿಗಿ ಒಂದು ಕಟ್ಟೀನಿ. ಒಂದು ತಗದ್ರ ಎರಡೂ ಆರ್ತಾವ.

ಮಡಿವಾಳಯ್ಯ: ಕೇಳಿದ್ಯಾ? ಊರಾಗ ಗಲಾಟಿ ಹಚ್ಚಲಿಕ್ಕ ಬಂದೀಯೇನು ನೀನು?

ಇಮಾಮ್‌ಬೀ: ಆ ಇಬ್ಬರು ದೊಡ್ಡವ್ರು ಅರ್ಧ ರೊಟ್ಟಿ ಹಂಚಿಕೊಂಡು ತಣ್ಣಗ ಕುಂತಾರ. ಇಡೀ ಬುಟ್ಟಿ ತಿನ್ನಾದು ನಿಮ್ಮ ಫ್ಯಾನು. ಅವರ ಮ್ಯಾಲ ಯಾಕ ಹಾಕ್ತೀರಿ?

ಅಷ್ಟರಲ್ಲಿ ದೊಡ್ಡ ಸಾಹೇಬರ ಬಂಗಲೆಯಿಂದ ಬುಲಾವು ಬಂತು. ಕರೆಗಂಟೆ ಸರಿಯಾಗಿ ಬಾರಿಸುತ್ತಿಲ್ಲವಂತೆ. ಕಣ್ಣುಗಳು ಕುರುಡಾದಾಗ ಕುರ್ಚಿ ಬಿಡದ ಮಡಿವಾಳಯ್ಯನವರು ಗಂಟೆ ಗೊಗ್ಗರಾಯಿತು ಎಂದಾಕ್ಷಣ ಚಪ್ಪಲಿ ಹುಡುಕಿಕೊಂಡು ಓಡಿದರು. ಬಾಗಿಲಲ್ಲಿ ತಿರುಗಿ, ‘ನಾ ಬರೂದ್ರೊಳಗ ನೀ ಕೆಳಗ ಇರಬೇಕು’ ಎಂದು ಬೆರಳು ತೋರಿಸಿಹೋದರು.

ಕೆಳಗೆ! ಮತ್ತೆ ಅದೇ ಬೆಲ್ಟು, ಅದೇ ಸತ್ತ ಹಗ್ಗ. ಇಮಾಮ್‌ಬೀ ಉಟ್ಟಿದ್ದ ಸೀರೆಯಂತೂ ಹಳೆಯದಲ್ಲ, ನೆರೆಮನೆಯ ಜಾನಬಿಯಿಂದ ಕಡ ತಂದದ್ದು.

ಇಮಾಮ್‌ಬೀ: ದಸ್ತಗೀರ, ಫ್ಯಾನ್ ತಗದ್ರ ಕರೆಂಟ್ ಸಾಲ್ತದೇನು?

ದಸ್ತಗೀರ: ಸಾಲ್ತದ. ಆದ್ರ ನನ್ನ ನೌಕರಿ...

ಇಮಾಮ್‌ಬೀ: ಫ್ಯಾನ್ ನಾ ತಗೀತೀನಿ. ತುಂಡು ತಂತಿ ಅಷ್ಟು ನೀ ತಗಿ.

ದಸ್ತಗೀರ: ನಿಮಗೇನು ಖಾಲಾ, ಮಾತಾಡ್ತೀರಿ. ನಿಮ್ಮ ಹೆಂಗಸರ ಶೆಡ್ಡಿನಾಗ ಬಲ್ಬ್ ಉರೀತದಲ್ಲ, ಅದು ಯಾರ ಕರೆಂಟು? ರಂಜಾನಿನಾಗ ನೀವೇ ಗಂಟು ಬಿದ್ದು ಹಾಕಿಸಿಕೊಂಡ್ರಿ.

ಆ ಬಲ್ಬಿನ ಬೆಳಕಿನಲ್ಲಿ ಇಮಾಮ್‌ಬೀ ಎಷ್ಟೋ ದಿನ ರೊಟ್ಟಿ ಮುರಿದಿದ್ದಳು. ಅದು ಯಾರ ಪಾಲಿನದು ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಸೊಂಟದ ಚೀಲಕ್ಕೆ ಕೈಹಾಕಿ ಬಸ್ಸಿನ ಬಲ್ಬೊಂದನ್ನು ತೆಗೆದು ಹರಿದ ಸೀರೆಯ ಮೇಲಿಟ್ಟಳು.

ಇಮಾಮ್‌ಬೀ: ಮುಂಜಾನಿ ಬ್ಯಾಟರಿ ನೋಡೂ ಸೂಗಪ್ಪ ಹೇಳಿದ, ಎಲ್ಲಾರೂ ಆ ಕರೆಂಟಿನಾಗ ಕದೀಲಿಕತ್ತಾರ ಅಂತ. ನಿಮ್ಮ ಬಾಯಿಲೇ ಬರಲಿ ಅಂತ ಕೇಳಿದೆ. ನಂದು ಬಿಚ್ಚಿಕೊಂಡೇ ಇಲ್ಲಿ ಬಂದೀನಿ. ಶೆಡ್ಡಿನಾಗ ಎಲ್ಲಾರೂ ನನಗ ಬೈಲಿಕತ್ತಾರ, ಬೈಲಿ. ನಿನ್ನ ಅಮ್ಮೀನೂ ಇದೇ ಬೆಲ್ಟಿನ ಬುಡಕ ಬಾಚಿ ನಿನ್ನ ಐಟಿಐ ಓದಿಸ್ಯಾಳ, ಬೇಟಾ. ಆಕಿ ಕಾಲಕ್ಕ ಹಗ್ಗ ಇರಲಿಲ್ಲ. ನನ್ನ ಕಾಲಕ್ಕ ಅದ, ನೀ ಸಾಯಿಸಿ ಇಟ್ಟೀದಿ.

ದಸ್ತಗೀರ ಸ್ಟೂಲಿನಿಂದ ಎದ್ದ. ಪ್ಯಾನಲ್ಲಿನ ಬಾಗಿಲು ತೆಗೆದು ಬೆರಳುದ್ದದ ತಂತಿಯೊಂದನ್ನು ಕಿತ್ತು ಅವಳ ಅಂಗೈಯಲ್ಲಿಟ್ಟ. ಅಷ್ಟು ಹೊತ್ತಿಗೆ ಅವಳು ಫ್ಯಾನಿನ ತಿರುಪು ಬಿಚ್ಚಿ ಮುಗಿಸಿದ್ದಳು.

ದಸ್ತಗೀರ: ಈಗ ಹಗ್ಗ ಜಿಂದಾ ಅದ ಖಾಲಾ. ಆದ್ರ ಸಾಬ್ರು ಬಂದು ಮತ್ತ ಫ್ಯಾನ್ ಹಚ್ಚು ಅಂದ್ರ ನಾ ಇಲ್ಲ ಅನ್ನಲಾರೆ.

ಇಮಾಮ್‌ಬೀ: ಗೊತ್ತದ. ಅದಕ್ಕೇ ಫ್ಯಾನ್ ನಾ ಒಯ್ಯಲಿಕತ್ತೀನಿ.

ಮಡಿವಾಳಯ್ಯನವರು ಗಂಟೆ ನೋಡಿ ಬಂದು ಕುರ್ಚಿಯಲ್ಲಿ ಕುಳಿತರು. ಗಾಳಿ ಬರಲಿಲ್ಲ. ತಲೆ ಎತ್ತಿದರು, ಬರೀ ಕಂಬಿ. ಅವರು ಕೂಗಿದ ಕೂಗು ಯೂನಿಯನ್ನಿನ ಹಾರ್ನನ್ನು ನಾಚಿಸಿತು. ದಸ್ತಗೀರನನ್ನು ಹಿಂದಿಟ್ಟುಕೊಂಡು, ಪುಡಿಯಲ್ಲಿ ಕಾಲು ಹುಗಿಯುತ್ತ, ಎಂಜಿನಿಯರಾದ ಮೇಲೆ ಮೊದಲ ಸಲ ಬೆಲ್ಟಿನ ಬುಡಕ್ಕೆ ಬಂದರು.

ಬೆಲ್ಟು ಭರಭರ ಓಡುತ್ತಿತ್ತು. ಇಮಾಮ್‌ಬೀ ಪುಡಿ ಬಾಚುತ್ತಿದ್ದಳು. ಉಳಿದ ಹೆಂಗಸರೆಲ್ಲ ಸಲಿಕೆ ಊರಿ ನಿಂತಿದ್ದರು. ನಡುವೆ, ಸುರಕ್ಷತಾ ಹಗ್ಗಕ್ಕೆ, ಹರಿದ ಸೀರೆಯಿಂದ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದ ಫ್ಯಾನು ತೂಗುತ್ತಿತ್ತು.

ಮಡಿವಾಳಯ್ಯ: ಕಳ್ಳತನಾ ಮಾಡ್ತೀ? ದಸ್ತಗೀರ, ಬಿಚ್ಚು ಅದನ್ನ!

ದಸ್ತಗೀರ: ಭಾಳ ಬಿಗಿ ಕಟ್ಯಾರ ಸಾಬ್ರ. ಬಿಚ್ಚಬೇಕಂದ್ರ ಹಗ್ಗ ಜಗ್ಗತದ. ಜಗ್ಗಿದ್ರ ಬೆಲ್ಟ್ ನಿಂದ್ರತದ.

ಮಡಿವಾಳಯ್ಯ: ನಿಂದ್ರೂದಿಲ್ಲ! ತಂತಿ ಅಡ್ಡ ಅದಲ್ಲ?

ಇಮಾಮ್‌ಬೀ: ಈಗ ಇಲ್ರಿ, ನನ್ನ ಚೀಲದಾಗದ. ಮತ್ತ ಮ್ಯಾಲ ಕುಂತಾಗ ಹಗ್ಗ ಎಳದ್ರ ನಿಂದ್ರತದ ಅಂತ ನೀವೇ ಹೇಳಿದ್ರಿ. ಕೆಳಗ ಬಂದ ಕೂಡ್ಲೇ ನಿಂದ್ರೂದಿಲ್ಲ ಅಂತೀರಿ. ಜಗಳಾ ಯಾಕ? ಫ್ಯಾನ್ ನಿಮ್ಮದು, ಕೈ ನಿಮ್ಮದು. ಎಳೀರಿ. ನಿಂತ್ರ ನನ್ನ ಜೀವ ಉಳೀತು. ನಿಂದರಲಿಲ್ಲಂದ್ರ ನಿಮ್ಮ ಫ್ಯಾನ್ ಉಳೀತು.

ಮಡಿವಾಳಯ್ಯನವರು ಕೈ ಚಾಚಿದರು. ಬೆರಳು ಫ್ಯಾನಿನ ರೆಕ್ಕೆಯ ಹತ್ತಿರ ಹೋಯಿತು. ಸೀರೆಯ ಗಂಟಿನ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಶಾಲಿನ ನೆನಪು ಬಂದಿತೋ, ದೊಡ್ಡ ಸಾಹೇಬರ ಮುಂದೆ ಹೇಳಬೇಕಾದ ಕಾರಣದ ನೆನಪು ಬಂದಿತೋ. ವೈಶಾಖದ ಬಿಸಿಲಿಗೆ ತಗಡಿನ ಮಾಡು ಟಿಕಟಿಕ ಎನ್ನುತ್ತಿತ್ತು. ಅವರ ಮೂಗಿನ ತುದಿಯಿಂದ ಬೆವರು ಹನಿಹನಿಯಾಗಿ ಕಲ್ಲಿನ ಪುಡಿಯ ಮೇಲೆ ಬಿದ್ದು ಅಲ್ಲೇ ಉಂಡೆಗಟ್ಟತೊಡಗಿತು.

ಮಡಿವಾಳಯ್ಯ (ಕೈ ಹಿಂದಕ್ಕೆ ತೆಗೆದು, ಹೆಂಗಸರ ಕಡೆ ನೋಡದೆ): ಇರಲಿ ಬಿಡು ದಸ್ತಗೀರ, ನಡೀ. ಈ ಸಲ ಅಷ್ಟೇನು ಧಗಿ ಇಲ್ಲ.