ಬಟ್ಟೆ ಟಾಪೋ, ತಗಡಿನ ಟಾಪೋ?

ಮಗಳ ಮದುವೆಗೆ ಎಲ್ಲವೂ ಗೊತ್ತಾಗಿತ್ತು. ಹುಡುಗ ಗೊತ್ತಾಗಿದ್ದ, ಚರ್ಚು ಗೊತ್ತಾಗಿತ್ತು, ಯಾವ ಮೇಕೆ ಕಡಿಯಬೇಕು ಎಂಬುದು ಕೂಡ (ಆ ಮೇಕೆಯೊಂದನ್ನು ಬಿಟ್ಟು) ಎಲ್ಲರಿಗೂ ಗೊತ್ತಾಗಿತ್ತು. ಗೊತ್ತಾಗದೆ ಉಳಿದದ್ದು ಒಂದೇ: ಮಾರ್ಗ್ವೆಯ ಜೀಪಿಗೆ ತಲೆಯ ಮೇಲೆ ಏನು ಹಾಕಿಸಬೇಕು ಎಂಬುದು.

ಕರಾಟು ಪೇಟೆಯ ಅರಣ್ಯ ಕಚೇರಿಯಲ್ಲಿ ಮಾರ್ಗ್ವೆ ಡ್ರೈವರ್ ಆಗಿದ್ದವನು. ತಲೆಗೂದಲು ನೆರೆಯುವತನಕ ಸಾಹೇಬರುಗಳನ್ನು ಕಾಡು ಸುತ್ತಿಸಿ, ಬಾಗಿಲು ತೆಗೆದು, ಬಾಗಿಲು ಹಾಕಿ, ನಿವೃತ್ತನಾದ. ಅವನ ಹಿಂದೆಯೇ ಅವನ ಜೀಪೂ ನಿವೃತ್ತವಾಗಿ ಹರಾಜಿಗೆ ಬಂತು. ಅಷ್ಟು ವರ್ಷ ಜೊತೆಗಿದ್ದದ್ದನ್ನು ಪರರ ಪಾಲು ಮಾಡಲು ಮನಸ್ಸು ಬರದೆ ಅವನೇ ಕೊಂಡುಕೊಂಡ. ಇಂಜಿನ್ನು ಚೆನ್ನಾಗಿತ್ತು, ಚಕ್ರಗಳಿದ್ದವು, ಹಾರನ್ನಂತೂ ಬೆಟ್ಟದಾಚೆಯ ದನಗಳೂ ದಾರಿ ಬಿಡುವಂತಿತ್ತು. ಟಾಪು ಮಾತ್ರ ಇರಲಿಲ್ಲ. ಹಿಂದೊಮ್ಮೆ ಒಂದು ಆನೆ ಅದಕ್ಕೆ ಬೆನ್ನು ತುರಿಸಿಕೊಂಡಿತ್ತು. ಆನೆಯ ತುರಿಕೆ ಹೋಯಿತು, ಜೊತೆಗೆ ಟಾಪೂ ಹೋಯಿತು.

ಮಾರ್ಗ್ವೆಗೆ ಇದ್ದದ್ದು ಒಂದೇ ಆಸೆ. ಮಗಳು ನುರು ಮದುಮಗಳಾಗಿ ಎಂಬುಲು ಬೆಟ್ಟದ ಮೇಲಿನ ಗಂಡಿನ ಊರಿಗೆ ಹೋಗುವಾಗ ಅಪ್ಪನ ಸ್ವಂತ ಜೀಪಿನಲ್ಲಿ ಹೋಗಬೇಕು. ಬೀಗರು ಎದುರು ಬಂದು ನಿಂತಾಗ ಅವನು ಸ್ಟೀರಿಂಗು ಬಿಟ್ಟು ನಿಧಾನವಾಗಿ ಇಳಿಯಬೇಕು, ಬಾಗಿಲನ್ನು ಬೇರೆ ಯಾರಾದರೂ ಹಾಕಬೇಕು. ಅಷ್ಟೇ. ಆದರೆ ಏಪ್ರಿಲ್ ತಿಂಗಳು, ದೊಡ್ಡ ಮಳೆಯ ಕಾಲ. ಟಾಪಿಲ್ಲದೆ ಹೊರಟರೆ ಮದುಮಗಳ ಜೊತೆ ಒಂದು ಕೆರೆಯನ್ನೂ ಬಳುವಳಿ ಕೊಟ್ಟ ಹಾಗಾಗುತ್ತಿತ್ತು.

"ಇದ್ರಲ್ಲಿ ಯೋಚನೆ ಮಾಡೋಕೆ ಏನಿದೆ ನುರು ಅಪ್ಪಾ? ತಗಡಿನ ಟಾಪು ಹಾಕ್ಸಿ," ಅಂದಳು ಹೆಂಡತಿ ಪೌಲೀನಾ. ಅವಳು ಈರುಳ್ಳಿ ವ್ಯಾಪಾರಿ. ಸಂತೆಯಲ್ಲಿ ಅವಳು ಬಾಯಿ ತೆರೆದರೆ ಈರುಳ್ಳಿಯ ದರ ಇಳಿಯುತ್ತಿತ್ತು, ಮನೆಯಲ್ಲಿ ತೆರೆದರೆ ಮಾರ್ಗ್ವೆಯ ದರ. "ಗಟ್ಟಿಯಾಗಿರ್ಬೇಕು. ಮಳೆ ಬರ್ಲಿ, ಕಲ್ಲು ಬೀಳ್ಲಿ, ಒಳಗಿರೋರಿಗೆ ಗೊತ್ತೇ ಆಗ್ಬಾರ್ದು."

ಆಗಲಿ ಎಂದು ಮಾರ್ಗ್ವೆ ಎದ್ದ. ಅಷ್ಟರಲ್ಲಿ ಮೂಲೆಯಿಂದ ಕೆಮ್ಮು ಕೇಳಿತು. ಅತ್ತೆ ಥೆಕ್ಲಾ ಅಜ್ಜಿ, ಮದುವೆಗೆಂದು ಮುಂಚೆಯೇ ಬಂದು ತಳವೂರಿದವಳು.

"ಬಟ್ಟೆ ಟಾಪು ಹಾಕ್ಸು ಅಳಿಯಾ."

"ಯಾಕಮ್ಮಾ?"

"ಯಾಕೆ ಅಂದ್ರೆ? ಮೊಮ್ಮಗಳ ಮದುವೆ. ಟಾಪು ಹಿಂದಕ್ಕೆ ಸುತ್ತಿಟ್ಟು, ನಾನು ಜೀಪಲ್ಲಿ ಎದ್ದು ನಿಂತು ದಾರಿಯುದ್ದಕ್ಕೂ ಕೇಕೆ ಹಾಕ್ಬೇಕು. ಪ್ರತಿ ಬೆಟ್ಟಕ್ಕೂ ಕೇಳ್ಬೇಕು." ಹೀಗೆಂದು ನಾಲಿಗೆ ಆಡಿಸಿ 'ಲಿಲಿಲಿಲಿ' ಎಂದು ಮಾದರಿಗೆ ಒಂದು ಕೇಕೆ ಹಾಕಿಯೇಬಿಟ್ಟಳು. ಪಕ್ಕದ ಮನೆಯ ಕೋಳಿಗಳು ಬೇಲಿ ಹಾರಿದವು. "ತಗಡಿನೊಳಗೆ ಕೂತು ಕೇಕೆ ಹಾಕೋಕೆ ನಾನೇನು ಡಬ್ಬಿಯೊಳಗಿನ ಮೀನೇ?"

"ಅವ್ವಾ, ಮಳೆ ಬಂದ್ರೆ?" ಅಂದಳು ಪೌಲೀನಾ.

"ನಿನ್ನ ಮದುವೇಲೂ ಮಳೆ ಬಂದಿತ್ತು. ಕರಗಿ ಹೋದ್ಯಾ? ಇನ್ನಷ್ಟು ಉಬ್ಬಿದ್ಯ."

ಮಾರ್ಗ್ವೆ ಮೆಲ್ಲಗೆ ಅಂಗಳಕ್ಕೆ ಜಾರಿದ. ಹೆಸರಿನಲ್ಲೇ ಮಾರ್ಗವಿದ್ದರೂ ಅವನಿಗೆ ಯಾವ ಮಾರ್ಗವೂ ಕಾಣಲಿಲ್ಲ. ಗಟ್ಟಿ ಟಾಪು ಹಾಕಿಸಿದರೆ ಅತ್ತೆ ಬರುವುದಿಲ್ಲ. ಅತ್ತೆ ಬಾರದಿದ್ದರೆ ಅವಳ ಕುಲದ ಒಂದು ಇರುವೆಯೂ ಬರುವುದಿಲ್ಲ. ಬಟ್ಟೆ ಟಾಪು ಹಾಕಿಸಿದರೆ ಹೆಂಡತಿ ಬರುತ್ತಾಳೆ, ಆದರೆ ಮದುವೆಯಾದ ಮೇಲೂ ಬರುತ್ತಾಳಲ್ಲ, ಬಾಳಿನುದ್ದಕ್ಕೂ, ಅದನ್ನೇ ಹೇಳಿಕೊಂಡು.

ತಿಳಿದವರನ್ನು ಕೇಳೋಣವೆಂದು ಪೇಟೆಗೆ ಹೋದ. ತಗಡಿನ ಕೆಲಸದ ಬೊನಿಫೇಸ್ ಸುತ್ತಿಗೆ ಕೆಳಗಿಟ್ಟು ಮಾತಿಗೆ ಕೂತ.

"ಬಟ್ಟೆನಾ? ಯಜಮಾನ್ರೇ, ಆ ದಾರೀಲಿ ಬಬೂನ್ ಕೋತಿಗಳಿವೆ. ಬಟ್ಟೆ ಟಾಪು ಕಂಡ್ರೆ ಬಾಳೆಹಣ್ಣು ಸುಲಿದ ಹಾಗೆ ಸುಲೀತಾವೆ. ಒಂದ್ಸಲ ಒಬ್ಬರ ಕೇಕನ್ನ, ಮೂರಂತಸ್ತಿನ ಮದುವೆ ಕೇಕು, ಪೂರ್ತಿ ತಿಂದು ಚಾಕುನೂ ಒಯ್ದ್ವು. ನಿಮ್ಮಿಷ್ಟ."

ಮಾರ್ಗ್ವೆ ಗಡಬಡಿಸಿ ಎದ್ದ. ಅಲ್ಲಿಂದ ಡೇರೆ ಹೊಲಿಯುವ ರಮಜಾನಿಯ ಬಳಿಗೆ ಹೋದ.

"ತಗಡಾ? ಅಯ್ಯೋ ಯಜಮಾನ್ರೇ! ಬಿಸಿಲು ಬಿದ್ರೆ ಒಳಗಿರೋರು ಬೆಂದು ಹೋಗ್ತಾರೆ. ಗುಂಡಿಗೆ ಇಳಿದ್ರೆ ತಲೆ ಹೋಗಿ ತಗಡಿಗೆ ಢಣ್ ಅನ್ನುತ್ತೆ. ಅದಿರ್ಲಿ, ಮದುಮಗಳ ತಲೆಗೂದಲು ಎಷ್ಟೆತ್ತರ ಕಟ್ಟಿಸ್ತೀರಿ?"

ಕೂದಲು! ಅದು ಮಾರ್ಗ್ವೆಗೆ ಹೊಳೆದೇ ಇರಲಿಲ್ಲ. ಮನೆಗೆ ಓಡಿಬಂದು, ಅಕ್ಕಿ ಆರಿಸುತ್ತಿದ್ದ ನುರುವಿನ ನೆತ್ತಿಯ ಮೇಲೆ ಅಂಗೈ ಹಿಡಿದು, ಗಾಳಿಯಲ್ಲಿ ಮೊಳ ಹಾಕಿದ.

"ಏನಪ್ಪಾ ಅದು?"

"ಏನಿಲ್ಲ ಮಗಳೇ. ಅಂದು ನಿನ್ನ ಜುಟ್ಟು ಎಲ್ಲಿವರೆಗೂ ಬರುತ್ತೆ?"

"ಅಪ್ಪಾ, ನನಗೆ ಏನು ಅನ್ಸುತ್ತೆ ಅಂದ್ರೆ..."

"ನೀನು ಅಕ್ಕಿ ಆರ್ಸು, ತಲೆಬಿಸಿ ನನಗಿರ್ಲಿ," ಎಂದು ಮಾರ್ಗ್ವೆ ಮತ್ತೆ ಅಂಗಳಕ್ಕೆ ಹೋದ.

ತಲೆಬಿಸಿ ಅವನಿಗೇ ಇತ್ತು, ಧಾರಾಳವಾಗಿ. ಚಹಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿಕೊಂಡು ಕುಡಿದ, ಗೊತ್ತಾಗಲಿಲ್ಲ. ಮೋಡ ಕಂಡರೆ ತಗಡು ಅನಿಸುತ್ತಿತ್ತು, ಬಿಸಿಲು ಕಂಡರೆ ಬಟ್ಟೆ. ಆ ಊರಿನಲ್ಲಿ ಆ ತಿಂಗಳು ಮೋಡವೂ ಬಿಸಿಲೂ ಗಳಿಗೆಗೊಮ್ಮೆ ಬದಲಾಗುವುದರಿಂದ ಅವನ ತೀರ್ಮಾನವೂ ಗಳಿಗೆಗೊಮ್ಮೆ ಬದಲಾಗುತ್ತಿತ್ತು. ಕಡೆಗೆ ಹೆದರಿದ ಮನುಷ್ಯ ಮಾಡುವುದನ್ನೇ ಮಾಡಿದ. ಬೊನಿಫೇಸನಿಗೆ ತಗಡಿನದು ಹೇಳಿದ. ರಮಜಾನಿಗೆ ಬಟ್ಟೆಯದು ಹೇಳಿದ. ಹೆಂಡತಿಗೆ "ನೀನು ಹೇಳಿದ್ದೇ ಸರಿ" ಅಂದ. ಅತ್ತೆಗೆ "ನೀವು ಹೇಳಿದ್ದೇ ಸರಿ" ಅಂದ. ಮನೆಯಲ್ಲಿ ಅಪೂರ್ವವಾದ ಶಾಂತಿ ನೆಲೆಸಿತು.

ಮದುವೆಯ ಬೆಳಿಗ್ಗೆ ಜೀಪಿನ ಮೇಲೆ ತಗಡಿನ ಟಾಪು ಥಳಥಳ ಹೊಳೆಯುತ್ತಿತ್ತು. ಪೌಲೀನಾ ಅದನ್ನು ಗೆಣ್ಣಿನಿಂದ ಕುಟ್ಟಿ ನೋಡಿ, ಒಳ್ಳೆಯ ಕುಂಬಳಕಾಯಿ ಸಿಕ್ಕವಳಂತೆ ನಕ್ಕಳು. ಆಗ ಹೊಸ ಕಾಂಗಾ ಬಟ್ಟೆ ಉಟ್ಟು ಹೊರಗೆ ಬಂದ ಥೆಕ್ಲಾ ಅಜ್ಜಿ ಜೀಪು ನೋಡಿದಳು. ಒಳಗಿನಿಂದ ಮಣೆ ತಂದು ಅಂಗಳದ ನಟ್ಟನಡುವೆ ಹಾಕಿಕೊಂಡು ಕೂತುಬಿಟ್ಟಳು.

"ಅಮ್ಮಾ, ಹತ್ತಿ. ಹೊತ್ತಾಗುತ್ತೆ."

"ನಾನಿನ್ನೂ ಸತ್ತಿಲ್ಲ ಅಳಿಯಾ. ಪೆಟ್ಟಿಗೆಯೊಳಗೆ ಯಾಕೆ ಹಾಕ್ತೀಯ?"

ಅವಳ ಹಿಂದೆ ಅವಳ ತಂಗಿಯರು ನಿಂತರು. ತಂಗಿಯರ ಹಿಂದೆ ಸೊಸೆಯಂದಿರು. ಯಾರೂ ಹತ್ತಲಿಲ್ಲ. ಮಾರ್ಗ್ವೆ ಹೆಂಡತಿಯ ಮುಖ ನೋಡದೆ, ಮನೆಯ ಹಿಂದೆ ಬೇಲಿಗೆ ಒರಗಿಸಿ ಬಚ್ಚಿಟ್ಟಿದ್ದ ಬಟ್ಟೆ ಟಾಪನ್ನು ಎಳೆದು ತಂದ. ತಗಡಿನದನ್ನು ಇಳಿಸಲು ಜನ ಸಾಲಲಿಲ್ಲ. ಮೆರವಣಿಗೆಗೆ ಬಂದಿದ್ದ ಬ್ಯಾಂಡಿನವರು ತುತ್ತೂರಿಗಳನ್ನು ಹುಲ್ಲಿನ ಮೇಲೆ ಮಲಗಿಸಿ, ಕೆಂಪು ಕೋಟಿನ ತೋಳು ಮಡಿಸಿ, ಟಾಪನ್ನು ಎತ್ತಿ ಅಂಗಳದಲ್ಲಿಟ್ಟರು. ಡೋಲಿನವನ ಬೆರಳು ಸಿಕ್ಕಿಕೊಂಡು ಅವನು ಹಾಕಿದ ಕೂಗಿನ ಮುಂದೆ ಅಜ್ಜಿಯ ಕೇಕೆ ಸಪ್ಪೆಯಾಯಿತು.

ಪೌಲೀನಾ ಬೈಯಲಿಲ್ಲ. ಮಾರ್ಗ್ವೆಗೆ ನಿಜವಾದ ಭಯ ಹತ್ತಿದ್ದು ಆಗಲೇ. "ಎರಡು ಮಾಡ್ಸಿದೀರಾ," ಅಂದಳು ಅಷ್ಟೇ. ಆಮೇಲೆ ಹಾಸಿಗೆ, ಪಾತ್ರೆ, ಬಳುವಳಿಯನ್ನೆಲ್ಲ ಹೇರಿಕೊಂಡು ನಿಂತಿದ್ದ ತನ್ನ ಈರುಳ್ಳಿ ಲಾರಿಯ ಚಾಲಕನಿಗೆ, "ನೀನು ನಮ್ಮ ಹಿಂದೇನೇ ಬಾ. ತುಂಬಾ ಹಿಂದೆ ಉಳೀಬೇಡ," ಅಂದಳು.

ಹೊರಟಿತು ಮೆರವಣಿಗೆ. ಮುಂದೆ ವ್ಯಾನಿನಲ್ಲಿ ಬ್ಯಾಂಡು, ನಡುವೆ ಜೀಪು, ಹಿಂದೆ ಲಾರಿ. ಟಾಪು ಸುತ್ತಿಟ್ಟಿತ್ತು, ಅಜ್ಜಿ ಎದ್ದು ನಿಂತು ಕಂಬಿ ಹಿಡಿದು ಪ್ರತಿ ಬೆಟ್ಟಕ್ಕೂ ಸುದ್ದಿ ಮುಟ್ಟಿಸುತ್ತಿದ್ದಳು. ಹೊಲದಲ್ಲಿದ್ದವರು ಗುದ್ದಲಿ ಎತ್ತಿ ಕೈಬೀಸಿದರು. ನುರು ಬಿಳಿ ಗೌನಿನಲ್ಲಿ, ಗೋಪುರದಂಥ ತಲೆಗೂದಲಿನಲ್ಲಿ ಕೂತು ನಗುತ್ತಿದ್ದಳು. ಮಾರ್ಗ್ವೆ ಮಾತ್ರ ರಸ್ತೆ ನೋಡಲಿಲ್ಲ, ಆಕಾಶ ನೋಡಿದ. ಎಂಬುಲು ಬೆಟ್ಟದ ಬೆನ್ನ ಮೇಲೆ ಒಂದು ಮೋಡ ಕುಕ್ಕರುಗಾಲಿನಲ್ಲಿ ಕೂತಿತ್ತು.

"ನುರು ಅಮ್ಮಾ, ಅದು ಮಳೆ ಮೋಡ ಅಲ್ಲ ಅಲ್ವಾ?"

"ಅಲ್ಲ," ಅಂದಳು ಪೌಲೀನಾ. "ಬಟ್ಟೆ ಒಗೆಯೋ ಮೋಡ."

ಮೊದಲ ಹನಿ ಮಾರ್ಗ್ವೆಯ ಮೂಗಿನ ಮೇಲೆ ಬಿತ್ತು. ಗಾಡಿ ನಿಲ್ಲಿಸಿ ಟಾಪು ಎಳೆದ. ಅರ್ಧ ಬಂತು, ಅಲ್ಲಿಗೆ ಜಿಪ್ಪು ನಿಂತಿತು. ಎಳೆದ, ಬೇಡಿಕೊಂಡ, ಬಾಯಿಯಲ್ಲಿ ಕಚ್ಚಿ ಎಳೆದ. ಜಿಪ್ಪಿನ ಕೊಂಡಿ ಕಿತ್ತು ಅವನ ಹಲ್ಲಿಗೇ ಬಂತು. ಅಷ್ಟರಲ್ಲಿ ಮಳೆ ಹನಿಯುವುದನ್ನು ಬಿಟ್ಟು ಕೊಡಗಟ್ಟಲೆ ಸುರಿಯತೊಡಗಿತು. ಅರ್ಧ ಮುಚ್ಚಿದ ಟಾಪು ಜೋಳಿಗೆಯಂತೆ ತುಂಬಿಕೊಂಡು ಸರಿಯಾಗಿ ಅವನ ನೆತ್ತಿಯ ಮೇಲೆ ಜೋತುಬಿತ್ತು.

"ಅಪ್ಪಾ," ಅಂದಳು ನುರು, ಎರಡೂ ಕೈಯಲ್ಲಿ ತಲೆಗೂದಲು ಮುಚ್ಚಿಕೊಂಡು. "ಅವತ್ತು ನಾನು ಹೇಳೋಕೆ ಬಂದಿದ್ದು ಇಷ್ಟೇ. ನಾನು ಅಮ್ಮನ ಲಾರೀಲಿ ಬರ್ತೀನಿ ಅಂತ."

ಗೌನನ್ನು ಮೊಣಕಾಲಿನವರೆಗೂ ಎತ್ತಿಕೊಂಡು ಅವಳು ಇಳಿದು ಓಡಿದಳು. ಪೌಲೀನಾ ಕೊಡೆ ಹಿಡಿದು ಹಿಂದೆ ನಡೆದಳು. ಸೊಸೆಯಂದಿರು, ತಂಗಿಯರು ಲಾರಿಯ ತಾಡಪಾಲಿನಡಿಯ ಹಾಸಿಗೆಗಳ ಮೇಲೆ ಹತ್ತಿ ಕೂತರು. ಜೀಪಿನಲ್ಲಿ ಉಳಿದವರು ಅತ್ತೆ, ಅಳಿಯ ಇಬ್ಬರೇ.

"ನೀವೂ ಹೋಗಿ ಅಮ್ಮಾ."

"ನಾನ್ಯಾಕೆ ಹೋಗ್ಲಿ? ಆಡಿದ ಮಾತಿಗೆ ತಪ್ಪೋಳಲ್ಲ ನಾನು. ನಡಿ ಅಳಿಯಾ." ಮಳೆಯಲ್ಲೇ ಮತ್ತೆ ಎದ್ದು ನಿಂತು ಅಜ್ಜಿ ಇನ್ನೊಂದು ಕೇಕೆ ಹಾಕಿದಳು. ತಿರುವಿನಲ್ಲಿ ಮಾರ್ಗ್ವೆ ಬ್ರೇಕು ಒತ್ತಿದ. ಜೋಳಿಗೆಯ ನೀರೆಲ್ಲ ಒಂದೇ ಸಲಕ್ಕೆ ಅವನ ಕೊರಳ ಹಿಂದಿನಿಂದ ಒಳಗಿಳಿದು ಬೂಟಿನಲ್ಲಿ ಹೊರಬಂತು.

ಗಂಡಿನ ಊರಿನಲ್ಲಿ ಸ್ವಾಗತ ಅದ್ಧೂರಿಯಾಗಿತ್ತು. ಹೆಂಗಸರು ಹಾಡುತ್ತಾ ಬಂದು ಲಾರಿಯನ್ನು ಸುತ್ತುವರಿದರು. ನೆಲಕ್ಕೆ ಕಾಂಗಾ ಹಾಸಿದರು. ಲಾರಿಯ ಬಾಗಿಲು ತೆರೆದು ನುರು, ಒಂದು ಕೂದಲೂ ಅಲುಗದೆ, ಆಗಷ್ಟೇ ಅರಳಿದ ಹೂವಿನಂತೆ ಇಳಿದಳು. ಥೆಕ್ಲಾ ಅಜ್ಜಿಯನ್ನು ಇಬ್ಬರು ಎತ್ತಿಕೊಂಡೇ ಹೋಗಿ ಕಂಬಳಿ ಹೊದಿಸಿದರು. ಮಾರ್ಗ್ವೆ ನಿಧಾನವಾಗಿ ಇಳಿಯುವುದಕ್ಕೆಂದು ಕಾದ. ಎದೆಗೆ ರಿಬ್ಬನ್ ಚುಚ್ಚಿಕೊಂಡ ಒಬ್ಬ ಯುವಕ ಓಡಿಬಂದ.

"ಡ್ರೈವರ್, ಗಾಡೀನ ಆ ಮರದ ಕೆಳಗೆ ಹಾಕು. ಹಾಕ್ಬಿಟ್ಟು ಅಡುಗೆ ಮನೆ ಹತ್ರ ಹೋಗು, ಚಾ ಕೊಡ್ತಾರೆ."

"ಆಯ್ತು ಸರ್," ಅಂದ ಮಾರ್ಗ್ವೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಅಷ್ಟು ವರ್ಷದ ಅಭ್ಯಾಸ, ಬಾಯಿಗೆ ಮೊದಲು ಬಂದುಬಿಟ್ಟಿತ್ತು. ಮೈಯೆಲ್ಲ ಕೆಸರು, ಕೋಟು ಹಿಂಡಿದ ಒರೆಸುಬಟ್ಟೆ. ಈ ಅವತಾರದಲ್ಲಿ ಬೀಗರ ಮುಂದೆ ನಿಂತು 'ನಾನೇ ಹೆಣ್ಣಿನ ತಂದೆ' ಅಂದರೆ ಮಗಳಿಗೆ ಅವಮಾನವಲ್ಲವೇ? ಬಟ್ಟೆ ಒಣಗಲಿ, ಆಮೇಲೆ ಹೋದರಾಯಿತು ಅಂದುಕೊಂಡು ಒಲೆಯ ಬಳಿ ಬ್ಯಾಂಡಿನವರ ಜೊತೆ ಕೂತ. ಚಹ ಬಿಸಿಯಾಗಿತ್ತು. ಅಷ್ಟು ದಿನಗಳಲ್ಲಿ ಮೊದಲ ಸಲ ಅದರ ರುಚಿಯೂ ಗೊತ್ತಾಯಿತು.

ಚರ್ಚಿನ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಆ ರಿಬ್ಬನ್ನಿನ ಯುವಕ ಮತ್ತೆ ಓಡಿಬಂದ, ಮುಖ ಬೆಳ್ಳಗೆ.

"ಡ್ರೈವರ್! ಮದುಮಗಳ ತಂದೆ ನಿನ್ನ ಗಾಡೀಲೇ ಬಂದ್ರಂತಲ್ಲ, ಅವರನ್ನ ಎಲ್ಲಿ ಇಳಿಸ್ದೆ? ಫಾದರ್ ಕಾಯ್ತಿದಾರೆ, ಗಂಡು ಕಾಯ್ತಿದಾನೆ!"

ಮಾರ್ಗ್ವೆ ಲೋಟ ಕೆಳಗಿಟ್ಟ. "ಇಳಿಸಿಲ್ಲ. ಅವರು... ಇಲ್ಲೇ ಚಾ ಕುಡೀತಿದಾರೆ."

ಯುವಕನಿಗೆ ಅರ್ಥವಾಗುವ ಮೊದಲೇ ಅವನ ಹಿಂದಿನಿಂದ ನುರು ಬಂದಳು, ಬಿಳಿ ಗೌನಿನಲ್ಲಿ, ಅಡುಗೆಮನೆಯ ಬೂದಿ ಕೆಸರು ಏನನ್ನೂ ಲೆಕ್ಕಿಸದೆ.

"ಊರೆಲ್ಲಾ ಹುಡುಕಿದ್ವಿ. ಏಳಪ್ಪಾ."

"ಹೀಗೆಯೇ? ನನ್ನ ಕೋಟು ನೋಡು ಮಗಳೇ. ನೀನು ನಿನ್ನ ಸೋದರಮಾವನ ಜೊತೆ..."

"ಯಾರ ಜೊತೇನೂ ಹೋಗಲ್ಲ. ನೀನು ಬರದಿದ್ರೆ ನಾನೂ ಇಲ್ಲೇ ಕೂತು ಚಾ ಕುಡೀತೀನಿ."

ಮಾರ್ಗ್ವೆಯ ಕಣ್ಣಲ್ಲಿ ನೀರು ಬಂತು. (ಮೈಯೆಲ್ಲ ನೀರೇ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.) ದೊಡ್ಡ ತುತ್ತೂರಿಯವನು ತನ್ನ ಕೋಟನ್ನು ಬಿಚ್ಚಿ ಅವನಿಗೆ ತೊಡಿಸಿದ. ಕೆಂಪು ಕೋಟು, ಹಿತ್ತಾಳೆ ಗುಂಡಿ, ಭುಜದ ಮೇಲೆ ಚಿನ್ನದ ಬಣ್ಣದ ಜೂಲು. ಹೀಗೆ ಮಾರ್ಗ್ವೆ ಮಗಳ ಕೈ ಹಿಡಿದು ಚರ್ಚಿನ ನಡುದಾರಿಯಲ್ಲಿ ನಡೆದ. ಹಿಂದಿನ ಬೆಂಚಿನವರು 'ಮದುಮಗಳ ತಂದೆ ದಂಡಿನಲ್ಲಿ ದೊಡ್ಡ ಸಾಹೇಬರಂತೆ' ಎಂದು ಪಿಸುಗುಟ್ಟಿಕೊಂಡು ಎದ್ದು ನಿಂತರು.

ಊಟಕ್ಕೆ ಕೂತಾಗ ಗಂಡಿನ ತಂದೆ ಅಕೊನಾಯ್ ತಾನೇ ಪಿಲಾವು ಬಡಿಸಿ ಪಕ್ಕದಲ್ಲಿ ಕೂತ. ಒಂದು ಕಡೆ ಪೌಲೀನಾ, ಇನ್ನೊಂದು ಕಡೆ ಕಂಬಳಿ ಹೊದ್ದ ಥೆಕ್ಲಾ ಅಜ್ಜಿ.

"ಬೀಗರೇ, ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ. ಆಯಸ್ಸೆಲ್ಲಾ ಗಾಡಿ ಜೊತೇಲೇ ಕಳೆದೋರು ನೀವು. ನಾನೂ ಒಂದು ಹಳೇ ಜೀಪು ತಗೊಂಡಿದೀನಿ. ಟಾಪಿಲ್ಲ. ನಮ್ಮ ಮನೇಲಿ ತಗಡು ಅಂತಾರೆ, ನಮ್ಮ ತಾಯಿ ಬಟ್ಟೆ ಅಂತಾರೆ. ನನಗೆ ನಿದ್ದೆ ಇಲ್ಲ. ಯಾವುದು ಒಳ್ಳೇದು?"

ಪೌಲೀನಾ ಅಗಿಯುವುದನ್ನು ನಿಲ್ಲಿಸಿದಳು. ಅಜ್ಜಿ ಕಂಬಳಿಯಿಂದ ಕಿವಿ ಹೊರಗೆ ಹಾಕಿದಳು. ಮಾರ್ಗ್ವೆ ಇಬ್ಬರ ಮುಖವನ್ನೂ ನೋಡಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಸ್ವಂತ ತೀರ್ಮಾನವೊಂದನ್ನು ಗಟ್ಟಿಯಾಗಿ ಹೇಳಿದ.

"ಬೀಗರೇ, ಜೀಪು ಮಾರ್ಬಿಡಿ. ಲಾರಿ ತಗೊಳ್ಳಿ."

ಅಕೊನಾಯ್ ಅವನ ಕೈ ಹಿಡಿದು ಕುಲುಕಿದ. ಮುಖದಲ್ಲಿ ನೆಮ್ಮದಿ ಹರಡಿತು. ಎದ್ದು ಹೋದವನು ಎರಡು ಹೆಜ್ಜೆಗೆ ನಿಂತು, ಹಣೆ ಸುಕ್ಕುಗಟ್ಟಿಸಿ, ಮತ್ತೆ ತಿರುಗಿ ಬಂದ.

"ಲಾರಿ ಸರಿ ಬೀಗರೇ. ಆದ್ರೆ ಹಿಂದುಗಡೆ ಮೇಲಕ್ಕೆ ತಗಡು ಹಾಕ್ಸೋದೋ, ತಾಡಪಾಲೋ?"

"ತಗಡು," ಅಂದಳು ಪೌಲೀನಾ.

"ತಾಡಪಾಲು," ಅಂದಳು ಅಜ್ಜಿ.

ಮಾರ್ಗ್ವೆ ಕೆಂಪು ಕೋಟಿನ ಗುಂಡಿ ಸರಿಪಡಿಸಿಕೊಂಡು, ಪಿಲಾವಿನ ತಟ್ಟೆಯನ್ನು ಎತ್ತಿಕೊಂಡು, ಬ್ಯಾಂಡಿನವರು ಕೂತಿದ್ದ ಕಡೆಗೆ ನಡೆದ.